ಮೊದಲ ಕಾದಂಬರಿಗೆ ಕೂರುವವರಿಗೆ

ನಾನು ಕಾದಂಬರಿ ಬರೆಯಲು ಕೂತಾಗ ನನಗೆ 46. ಮಗಳು ಓದಲು ಬೆಂಗಳೂರಿಗೆ ಹೋದ ವರ್ಷ ಅದು. ಹೊತ್ತು ಮೀರಿತೇನೋ ಎಂಬ ಅಳುಕಿಗೆ ಮದ್ದು ನಮ್ಮ ತೀರ್ಥಹಳ್ಳಿಯಲ್ಲೇ ಇತ್ತು. 1917ರಲ್ಲಿ ಇಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಬರವಣಿಗೆಗೆ ಕೈ ಹಚ್ಚಿದ್ದು 45ರ ಆಸುಪಾಸಿನಲ್ಲಿ. ಅವರ ‘ಫಣಿಯಮ್ಮ’ ಹುಟ್ಟಿದ್ದು ತಾಯಿಯ ಬಾಯಲ್ಲಿ ಕೇಳಿದ ಒಂದು ನಿಜವಾದ ಬಾಳಿನಿಂದ. ನನಗೂ ಅಡಿಗೆಮನೆಯಲ್ಲಿ ಕಿವಿ ಕೊಟ್ಟು ಕೂತ ಅನುಭವ ಬೇಕಾದಷ್ಟಿತ್ತು.

ಈಗ ನಾಲ್ಕು ಕಾದಂಬರಿ ಆದವು. ಹೇಗೆ ಶುರು ಮಾಡುವುದು ಎಂದು ಕೇಳುವವರಿಗೆಲ್ಲ ನಾನು ಹೇಳುವುದು ಒಂದೇ: ಕಥೆ ಹುಡುಕುವ ಮೊದಲು ಮನೆ ಕಟ್ಟಿ. ಒಂದು ದೊಡ್ಡ ಹಾಳೆಯಲ್ಲಿ ನಿಮ್ಮ ಪಾತ್ರಗಳು ಇರುವ ಮನೆಯ ನಕ್ಷೆ ಬರೆಯಿರಿ. ಜಗಲಿ ಎಲ್ಲಿ, ಬಚ್ಚಲೊಲೆ ಎಲ್ಲಿ, ಸೊಸೆ ಅತ್ತರೆ ಯಾವ ಕೋಣೆಗೆ ಕೇಳುತ್ತದೆ? ನನ್ನ ಎರಡನೇ ಕಾದಂಬರಿಯ ಇಡೀ ಜಗಳ ಹುಟ್ಟಿದ್ದು ಆ ಹಾಳೆಯಲ್ಲಿ. ಬಾಣಂತಿಕೋಣೆಗೂ ಮಾವನ ಮಂಚಕ್ಕೂ ನಡುವೆ ಒಂದೇ ಹಲಗೆಗೋಡೆ ಇದೆ ಎಂದು ಗೆರೆ ಎಳೆದಾಗಲೇ ನನಗೆ ಗೊತ್ತಾದದ್ದು.

ನಕ್ಷೆಯ ಜೊತೆಗೆ ಒಂದು ಪಂಚಾಂಗವನ್ನೂ ಇಟ್ಟುಕೊಳ್ಳಿ. ಮೊದಲ ಕಾದಂಬರಿಯನ್ನು ತಿದ್ದುವಾಗ ಮದುವೆಯೊಂದನ್ನು ಮಾರ್ಗಶಿರದಿಂದ ವೈಶಾಖಕ್ಕೆ ದೂಡಿದ್ದೆ. ಮದುವೆಯ ಹಿಂದಿನ ರಾತ್ರಿಯ ಅಡಿಕೆ ಸುಲಿತ ಮಾತ್ರ ಹಾಗೇ ಉಳಿದಿತ್ತು. ಓದಿದ ಪಕ್ಕದ ಮನೆಯ ಅಜ್ಜಿ, “ವೈಶಾಖದಲ್ಲಿ ಹಸಿ ಅಡಿಕೆ ಎಲ್ಲಿಂದ ಬಂತೇ ಮಾರಾಯ್ತಿ?” ಎಂದರು. ಅಷ್ಟು ಪುಟಗಳ ನಂಬಿಕೆ ಆ ಒಂದು ಸಾಲಿಗೆ ಹೋಯಿತು. ಗೊತ್ತಿಲ್ಲದ ಲೋಕದ ಬಗ್ಗೆ ಬರೆಯುವುದಾದರೆ ಹೋಗಿ ನೋಡಲೇಬೇಕು. ಮಹಾಭಾರತದ ಕಥೆಯನ್ನು ಕಾದಂಬರಿಯಾಗಿಸಿದ ‘ಪರ್ವ’ ಬರೆಯುವ ಮುಂಚೆ ಎಸ್.ಎಲ್. ಭೈರಪ್ಪನವರು ಬಹುಪತಿತ್ವ ಉಳಿದಿದ್ದ ಹಿಮಾಲಯದ ಹಳ್ಳಿಗಳಿಗೆ ಹೋಗಿ ಬಂದಿದ್ದರು.

ಹೊತ್ತಿನ ವಿಷಯಕ್ಕೆ ಬಂದರೆ, ದಿನಕ್ಕೊಂದು ನಿಗದಿಯ ವೇಳೆ ಸಾಕು. ನನ್ನದು ಬೆಳಗಿನ ನಾಲ್ಕೂವರೆಯಿಂದ, ಕರು ಕೂಗುವವರೆಗೆ.

ಇನ್ನು ಕನ್ನಡದಲ್ಲಿ ಬರೆಯುವವರು ಮೊದಲ ಪುಟದಲ್ಲೇ ತೀರ್ಮಾನಿಸಬೇಕಾದ್ದು ಒಂದಿದೆ. ಅದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ನಿಮ್ಮ ಪಾತ್ರ ‘ಬಂದಳೋ’, ‘ಬಂದರೋ’? ‘ಅತ್ತೆಯವರು ಜಗಲಿಗೆ ಬಂದರು’ ಎಂದು ಬರೆದರೆ ಓದುಗ ಸೊಸೆಯ ಹಿಂದೆ, ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಾನೆ. ‘ಗೌರಿ ಜಗಲಿಗೆ ಬಂದಳು’ ಎಂದರೆ ಅದೇ ಹೆಂಗಸು ಯಾರದೋ ಮಗಳಾಗಿ, ತನ್ನದೇ ಆಸೆಗಳಿರುವವಳಾಗಿ ಬರುತ್ತಾಳೆ. ಮೂರನೇ ಕಾದಂಬರಿಯಲ್ಲಿ ಹನ್ನೊಂದು ಅಧ್ಯಾಯ ಅತ್ತೆಯನ್ನು ಬಹುವಚನದಲ್ಲೇ ನಡೆಸಿದೆ. ಹನ್ನೆರಡರಲ್ಲಿ ಅವರು ಹಾಸಿಗೆ ಹಿಡಿಯುತ್ತಾರೆ. ಸೊಸೆ ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಅವರ ಬೆನ್ನು ಒರೆಸುತ್ತಾಳೆ, ಹಳೆಯ ಸುಟ್ಟ ಕಲೆಯೊಂದನ್ನು ಮೊದಲ ಸಲ ನೋಡುತ್ತಾಳೆ. ಮುಂದಿನ ವಾಕ್ಯದಲ್ಲಿ ‘ಗೌರಿ ಕಣ್ಣು ಮುಚ್ಚಿಕೊಂಡಳು’ ಎಂದು ಬರೆದೆ. ಆ ಏಕವಚನ ಬರೆಯುವಾಗ ನನ್ನ ಕೈ ನಡುಗಿತ್ತು. ಕಲೆ ಹೇಗಾಯಿತೆಂದು ವಿವರಿಸಿದ್ದ ಎರಡು ಪುಟಗಳನ್ನು ಆಮೇಲೆ ಹೊಡೆದುಹಾಕಿದೆ.

ತಿದ್ದುವಾಗ ಮೊದಲು ಹುಡುಕಬೇಕಾದ್ದೂ ಇಂಥವನ್ನೇ. ‘ಅವಳಿಗೆ ತಡೆಯಲಾರದ ದುಃಖವಾಯಿತು’ ಎಂಬ ಸಾಲು ಸಿಕ್ಕರೆ ನಿಲ್ಲಿ; ಆ ಹೊತ್ತಿಗೆ ಅವಳ ಕೈ ಏನು ಮಾಡುತ್ತಿತ್ತು ಎಂದು ಕೇಳಿಕೊಳ್ಳಿ. ನನ್ನವಳು ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿಯುತ್ತಿದ್ದಳು. ಸುದ್ದಿ ಕೇಳಿದ ಮೇಲೂ ಸುಲಿಯುತ್ತಲೇ ಇದ್ದಳು. ಆದರೆ ಸಿಪ್ಪೆಯನ್ನು ಬುಟ್ಟಿಗೆ, ಅಡಿಕೆಯನ್ನು ಸಿಪ್ಪೆರಾಶಿಗೆ ಎಸೆಯುತ್ತಿದ್ದಳು. ಅಷ್ಟೇ ಬರೆದೆ, ದುಃಖ ಎಂಬ ಪದವನ್ನು ತೆಗೆದೆ.

ಒಂದೊಂದು ಅಧ್ಯಾಯ ಮುಗಿದಾಗಲೂ ಅದನ್ನು ಗಟ್ಟಿಯಾಗಿ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಎರಡು ದಿನ ಬಿಟ್ಟು ದೋಸೆ ಹುಯ್ಯುತ್ತಾ ಕೇಳಿ. ಎಲ್ಲಿ ನಿಮ್ಮ ಗಮನ ಕಾವಲಿಯ ಕಡೆ ಹೋಯಿತೋ ಅಲ್ಲಿ ಬರವಣಿಗೆ ಸಡಿಲ. ಮಾತುಕತೆಯ ಸುಳ್ಳೂ ಕಿವಿಗೆ ಬೇಗ ಸಿಗುತ್ತದೆ: ಗಂಡ ಹೆಂಡತಿ ಒಬ್ಬರಿಗೊಬ್ಬರು ಇಬ್ಬರಿಗೂ ಗೊತ್ತಿರುವ ವಿಷಯವನ್ನೇ ಪೂರ್ತಿ ವಾಕ್ಯದಲ್ಲಿ ಹೇಳುತ್ತಿದ್ದರೆ ಅದು ಓದುಗನಿಗಾಗಿ ಆಡಿದ ಮಾತು. ಕತ್ತರಿಸಿ.

ಹಸ್ತಪ್ರತಿ ಕಳಿಸುವಾಗ ಅದರ ಜೊತೆಗೆ ಇನ್ನೊಂದು ಹಾಳೆ ಇಡಿ. ನನ್ನ ಮೊದಲ ಕಾದಂಬರಿಯ ಕರಡು ತಿದ್ದಿದವರು ‘ಎಂತ’ ಇದ್ದಲ್ಲೆಲ್ಲ ‘ಏನು’ ಮಾಡಿದ್ದರು, ‘ಹೌದನ’ ಎಂಬುದನ್ನು ‘ಹೌದೇನೋ’ ಮಾಡಿದ್ದರು. ಅಚ್ಚಾಗಿ ಬಂದ ಪುಸ್ತಕದಲ್ಲಿ ನನ್ನ ಊರಿನವರೆಲ್ಲ ಪಠ್ಯಪುಸ್ತಕ ಓದುವವರ ಹಾಗೆ ಮಾತಾಡುತ್ತಿದ್ದರು. ಅದನ್ನು ತೆರೆದು ನೋಡಲು ಎಷ್ಟೋ ದಿನ ಮನಸ್ಸಾಗಲಿಲ್ಲ. ಈಗ ಊರಮಾತಿನ ಪದಗಳನ್ನೆಲ್ಲ ಅಕ್ಷರ ಸಮೇತ ಪಟ್ಟಿ ಮಾಡಿ, ಮೇಲೆ ‘ಇವು ತಪ್ಪಲ್ಲ, ಹೀಗೇ ಇರಲಿ’ ಎಂದು ಕೆಂಪು ಶಾಯಿಯಲ್ಲಿ ಬರೆದು ಮೊದಲ ಪುಟಕ್ಕೆ ಪಿನ್ ಮಾಡುತ್ತೇನೆ. ಕಳೆದ ಸಲ ಆ ಪಟ್ಟಿಯಲ್ಲಿ 83 ಪದಗಳಿದ್ದವು.