ಆಂಟಿಬಾಡಿ ನೆಗೆಟಿವ್, ಆದರೂ ಹೆಪಟೈಟಿಸ್ ಸಿ: ನನ್ನ ಅನುಭವ

ನಮ್ಮ ಡಯಾಲಿಸಿಸ್ ಘಟಕದಲ್ಲಿ ಲಿವರ್‌ಗೆ ತಗಲುವ ಹೆಪಟೈಟಿಸ್ ಸಿ ವೈರಸ್ ಸೋಂಕನ್ನು ಮೊದಲ ತಿಂಗಳಲ್ಲೇ ಹಿಡಿಯುತ್ತೇನೆ ಅಂದಾಗ ಹಿರಿಯ ವೈದ್ಯರೊಬ್ಬರು ಒಪ್ಪಲಿಲ್ಲ. "ಆಂಟಿಬಾಡಿ ನೆಗೆಟಿವ್ ಇದೆಯಲ್ಲ ಮಾರಾಯ, ಬಡವರ ದುಡ್ಡು ಯಾಕೆ ಹಾಳು ಮಾಡ್ತೀಯ?" ಅಂದರು. ಹಾಗೆ ಹಿಡಿದ ಏಳು ಜನರ ರಕ್ತದಲ್ಲೂ ಈಗ ವೈರಸ್ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನೂ ಎಡವಿದ್ದೆ. ಒಬ್ಬ ಆಟೊ ಚಾಲಕರ ಎಸ್‌ಜಿಪಿಟಿ (ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಅಂಕಿ) 38 ಬಂದಿತ್ತು. ಲ್ಯಾಬ್ ರಿಪೋರ್ಟ್ ಪ್ರಕಾರ ನಾರ್ಮಲ್. ಬಿಟ್ಟುಬಿಟ್ಟೆ. ಎರಡು ತಿಂಗಳಿಗೆ ಅವರ ಆಂಟಿಬಾಡಿ ಪಾಸಿಟಿವ್, ಅಕ್ಕಪಕ್ಕದ ಇನ್ನಿಬ್ಬರದ್ದೂ ಪಾಸಿಟಿವ್. ಹಳೇ ಫೈಲ್ ತಿರುವಿದರೆ ಅವರ ಎಸ್‌ಜಿಪಿಟಿ ಯಾವಾಗಲೂ 12, 15. ಡಯಾಲಿಸಿಸ್‌ನವರಲ್ಲಿ ಅದು ಕಡಿಮೆಯೇ ಇರುತ್ತದೆ ಅಂತ ನಮಗೆಲ್ಲ ಗೊತ್ತು, ಹೋಲಿಸಿ ನೋಡಿರಲಿಲ್ಲ ಅಷ್ಟೇ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಈಗ ಪ್ರತಿ ತಿಂಗಳು ಅವರವರ ಹಳೇ ಅಂಕಿಯ ಜೊತೆ ಹೋಲಿಸುತ್ತೇನೆ. ದುಪ್ಪಟ್ಟಾದರೆ ನೇರ ಆರ್‌ಎನ್‌ಎ ಪಿಸಿಆರ್, ಅಂದರೆ ರಕ್ತದಲ್ಲಿ ವೈರಸ್ಸನ್ನೇ ಹುಡುಕುವ ಪರೀಕ್ಷೆ. ಸೋಂಕಿನ ಮೇಲೆ ದೇಹ ತಯಾರಿಸುವ ಆಂಟಿಬಾಡಿ ಕಾಣಿಸೋಕೆ ಸುಮಾರು ಎರಡು ತಿಂಗಳು ಬೇಕು, ವೈರಸ್‌ನ ಆರ್‌ಎನ್‌ಎ ಒಂದೆರಡು ವಾರಕ್ಕೇ ಸಿಗುತ್ತದೆ.

ದುಡ್ಡಿನದ್ದೇ ತಲೆನೋವು. ಹೊರಗೆ ಒಂದು ಪಿಸಿಆರ್‌ಗೆ ಆಗ ಸುಮಾರು ನಾಲ್ಕು ಸಾವಿರ. ಐದೈದು ಜನರ ಸ್ಯಾಂಪಲ್ ಕೂಡಿಸಿ ಒಂದೇ ಪರೀಕ್ಷೆ ಮಾಡಿಸಿದೆ. ಪಾಸಿಟಿವ್ ಬಂದ ಗುಂಪನ್ನು ಮಾತ್ರ ಬಿಡಿಬಿಡಿಯಾಗಿ ನೋಡಿದೆವು. ಮೂವತ್ತು ಜನಕ್ಕೆ 1,20,000 ಆಗುವ ಕಡೆ 44 ಸಾವಿರದ ಆಸುಪಾಸಿನಲ್ಲಿ ಮುಗಿಯಿತು. ಲ್ಯಾಬ್‌ನವರನ್ನು ಹೇಗೆ ಒಪ್ಪಿಸಿದೆ ಅನ್ನೋದು ನನ್ನಲ್ಲೇ ಇರಲಿ.

ಮಾತ್ರೆಗೆ ಖರ್ಚಿಲ್ಲ, 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಉಚಿತ. ಸೊಫೊಸ್ಬುವಿರ್-ವೆಲ್ಪಟಾಸ್ವಿರ್, ದಿನಕ್ಕೊಂದು, 12 ವಾರ. "ತಾನಾಗೇ ಹೋಗಬಹುದು, ಆರು ತಿಂಗಳು ಕಾಯಿ" ಅಂದವರೂ ಇದ್ದರು. ನಾಲ್ಕರಲ್ಲಿ ಒಬ್ಬರಿಗೆ ಹೋಗುತ್ತದೆ, ನಿಜ. ಆದರೆ ವಾರಕ್ಕೆ ಮೂರು ಸಲ ಅದೇ ಹಾಲ್‌ನಲ್ಲಿ ಎಲ್ಲರ ಜೊತೆ ಮಲಗುವವರನ್ನು ಕಾಯಿಸೋದು ತಪ್ಪಲ್ವಾ? ಇಂಟರ್‌ಫೆರಾನ್ ಕಾಲದ ಚಳಿಜ್ವರ, ರಕ್ತಹೀನತೆ ನೋಡಿದ ನನಗೆ ಈ ಮಾತ್ರೆ ವರದಂತೆ.

ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸದೆ ಮಾತ್ರೆ ಶುರು ಮಾಡೋದಿಲ್ಲ. ಇದರ ಜೊತೆ ಆಗಿಬರದ ಹೃದಯ ಬಡಿತದ ಮಾತ್ರೆ ಅಮಿಯೊಡರೋನ್ ಇದೆಯಾ ಅಂತ ಎರಡು ಸಲ ಕೇಳುತ್ತೇನೆ. ಒಬ್ಬರಿಗೆ ನಾಲ್ಕು ವಾರವಾದರೂ ವೈರಸ್ ಸರಿಯಾಗಿ ಇಳಿಯಲಿಲ್ಲ. ಮನೆಗೆ ಹೋಗಿ ಮಾತ್ರೆ ಡಬ್ಬ ನೋಡಿದರೆ ದಿನಾ ಪ್ಯಾಂಟೊಪ್ರಜೋಲ್! ಗ್ಯಾಸ್‌ಗೆ ಅಂತ ಮೆಡಿಕಲ್ ಶಾಪ್‌ನಿಂದ ತಂದದ್ದು. ಹೊಟ್ಟೆಯ ಆಮ್ಲ ಕಡಿಮೆಯಾದರೆ ವೆಲ್ಪಟಾಸ್ವಿರ್ ಸರಿಯಾಗಿ ಹೀರಿಕೊಳ್ಳೋದಿಲ್ಲ. ಅದನ್ನು ನಿಲ್ಲಿಸಿದ ಮೇಲೆ ಇಳಿಯಿತು. ಇನ್ನೊಬ್ಬರು ಗುಟ್ಟಾಗಿ ನೆಲನೆಲ್ಲಿ ಕಷಾಯ ಕುಡಿಯುತ್ತಿದ್ದರು. ಬೈಯಲಿಲ್ಲ, ಕೋರ್ಸ್ ಮುಗಿಯೋವರೆಗೆ ಬಿಡಿಸಿದೆ.

ಸೋಂಕಿನ ಮೂಲ ಹುಡುಕಿದಾಗ ಅನುಮಾನ ಬಂದದ್ದು ಹಲವರಿಗೆ ಬಳಸುತ್ತಿದ್ದ ಒಂದೇ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧ) ಸೀಸೆಯ ಮೇಲೆ. ಅದನ್ನು ಅವತ್ತೇ ನಿಲ್ಲಿಸಿದೆವು.

ಹಳ್ಳಿಗಳಿಂದ ಫಿಲ್ಟರ್ ಕಾಗದದ ಮೇಲೆ ರಕ್ತದ ಹನಿ ಒಣಗಿಸಿ ತರಿಸುವ ಪ್ರಯೋಗವನ್ನೂ ಮಾಡಿದೆ. ಮಳೆಗಾಲ, ಕಾಗದ ಸರಿಯಾಗಿ ಒಣಗಲಿಲ್ಲ. ಹತ್ತರಲ್ಲಿ ಎರಡು ರಿಪೋರ್ಟ್ ತಾಳೆಯಾಗಲಿಲ್ಲ. ಬೇಸಿಗೆಯಲ್ಲಿ ಮತ್ತೆ ಮಾಡಿ ನೋಡುತ್ತೇನೆ.