ಉಪ್ಪುನೀರಿನ ಮೀನಿಗೆ ಬಿಳಿ ಚುಕ್ಕೆ ಬಂದರೆ

ನಿಮ್ಮ ಬ್ಲೂ ಟ್ಯಾಂಗ್ ಮೀನಿನ ಮೈಮೇಲೆ ಉಪ್ಪಿನ ಹರಳು ಉದುರಿಸಿದ ಹಾಗೆ ಚುಕ್ಕೆ ಕಂಡು, ಅದು ಕಲ್ಲಿಗೆ ಮೈ ಉಜ್ಜುತ್ತಿದ್ದರೆ ಹೆಚ್ಚಾಗಿ ಮರೀನ್ ಇಕ್, ಅಂದರೆ ಮೈಗಂಟುವ ಸಣ್ಣ ಪರಾವಲಂಬಿಯಿಂದ ಬರುವ ರೋಗ. ಹಿಟ್ಟು ಉದುರಿಸಿದಂತೆ ನುಣ್ಣಗಿದ್ದು ಉಸಿರಾಟವೂ ಜೋರಾಗಿದ್ದರೆ ವೆಲ್ವೆಟ್ ಅನ್ನೋ ಇನ್ನೊಂದು ಪರಾವಲಂಬಿ ರೋಗ ಇರಬಹುದು, ಆಗ ಒಂದು ದಿನವೂ ಕಾಯಬೇಡಿ.

ಇಕ್ ಚುಕ್ಕೆಗಳು ಕೆಲವೇ ದಿನಗಳಲ್ಲಿ ಮಾಯವಾಗುತ್ತವೆ. ವಾಸಿಯಾಯ್ತು ಅಂತ ಸುಮ್ನೆ ಖುಷಿಪಡಬೇಡಿ. ಆ ಪರಾವಲಂಬಿ ಮೈ ಬಿಟ್ಟು ಮರಳಿಗಿಳಿದು ಅಲ್ಲಿ ನೂರಾರು ಮರಿ ಮಾಡುತ್ತಿರುತ್ತದೆ.

ಎಲ್ಲ ಮೀನುಗಳನ್ನೂ, ಚುಕ್ಕೆ ಇಲ್ಲದವನ್ನೂ ಸೇರಿಸಿ, ಮರಳು ಕಲ್ಲು ಇಲ್ಲದ ಬೇರೆ ಟ್ಯಾಂಕಿಗೆ ಹಾಕಿ. ಅಲ್ಲಿ 30 ದಿನ ತಾಮ್ರದ ಔಷಧಿ, ಬಾಟಲಿ ಮೇಲಿನ ಅಳತೆಯಂತೆ. ತಾಮ್ರ ಅಳೆಯುವ ಟೆಸ್ಟ್ ಕಿಟ್ ಇಲ್ಲದೆ ಅಂದಾಜಿಗೆ ಸುರಿಯಬೇಡಿ, ಜಾಸ್ತಿಯಾದರೆ ಮೀನೇ ಸಾಯುತ್ತದೆ. ಮೀನು ಮೊದಲಿದ್ದ ದೊಡ್ಡ ಟ್ಯಾಂಕಿಗೆ ತಾಮ್ರ ಬೇಡವೇ ಬೇಡ, ಹವಳ ಸೀಗಡಿ ಉಳಿಯೋದಿಲ್ಲ. ಆ ಟ್ಯಾಂಕನ್ನು 76 ದಿನ ಮೀನಿಲ್ಲದೆ ಬಿಡಿ, ಮೀನು ಸಿಗದೆ ಪರಾವಲಂಬಿ ಸಾಯಲಿ.