ಪೈಥಾನ್‌ನ್ಯಾಗ ಪ್ರೋಗ್ರಾಮ್ ಓಡ್ತಿರುವಾಗನ ಕ್ಲಾಸ್ ಹುಟ್ಟಸೋದು ಹ್ಯಾಂಗ

ನಮ್ಮ ಕಾಕಾಂದು ಬ್ಯಾಡಗಿಯೊಳಗ ಮೆಣಸಿನಕಾಯಿ ದಲಾಲಿ ಅಂಗಡಿ ಐತ್ರಿ, ಅದರ ಲೆಕ್ಕಕ್ಕ ಒಂದು ಪ್ರೋಗ್ರಾಮ್ ಬರದು ಕೊಟ್ಟಿದ್ದೆ. ಡಬ್ಬಿ ತಳಿಗೆ ಒಂದು ಕ್ಲಾಸ್ (ಆಬ್ಜೆಕ್ಟ್ ಮಾಡೋ ಅಚ್ಚು), ಕಡ್ಡಿಗೆ ಒಂದು, ಗುಂಟೂರಿಗೆ ಒಂದು, ಹಿಂಗ ಎಲ್ಲಾ ಕೈಲೆ ಬರದಿದ್ದು, ಹೊಸಾ ತಳಿ ಬಂದಾಗೊಮ್ಮೆ ಹುಬ್ಬಳ್ಯಾಗ ಕುಂತು ನಾನ ಕೋಡ್ ತಿದ್ದಬೇಕಿತ್ತು. ಈಗ ಕಾಕಾ ಒಂದು ಫೈಲಿನ್ಯಾಗ ತಳಿ ಹೆಸರು, ಚೀಲದ ತೂಕ ಎಷ್ಟು ಕಳೀಬೇಕು ಅಂತ ಬರದಿಟ್ರ ಸಾಕು, ಕ್ಲಾಸ್ ತಾನ ತಯಾರಾಗ್ತೈತಿ.

ಟೈಪ್ ಅನ್ನೋದಕ್ಕ ಒಂದ ಆರ್ಗ್ಯುಮೆಂಟ್ ಕೊಟ್ರ ಆ ವಸ್ತು ಯಾವ ಕ್ಲಾಸಿಂದು ಅಂತ ಹೇಳ್ತೈತಿ, ಇದು ಎಲ್ಲಾರಿಗೂ ಗೊತ್ತು. ಅದಕ್ಕ ಮೂರು ಆರ್ಗ್ಯುಮೆಂಟ್ ಕೊಟ್ಟು ನೋಡ್ರಿ, ಹೊಸಾ ಕ್ಲಾಸನ್ನ ಕಟ್ಟಿ ಕೈಗೆ ಕೊಡ್ತೈತಿ. ಮೊದಲನೇದು ಹೆಸರು, ಅಂದ್ರ ಸ್ಟ್ರಿಂಗ್. ಎರಡನೇದು ಬೇಸ್ ಕ್ಲಾಸ್‌ಗಳ (ಹೊಸಾ ಕ್ಲಾಸ್ ಯಾವುದರ ಮ್ಯಾಲೆ ನಿಂದರತೈತೋ ಅವು) ಟ್ಯೂಪಲ್, ಅಂದ್ರ ಕಂಸದೊಳಗಿನ ಪಟ್ಟಿ, ಒಂದ ಬೇಸ್ ಇದ್ರೂ ಅದರ ಮುಂದ ಕಾಮಾ ಹಾಕ್ರಿ, ಇಲ್ಲಂದ್ರ ಟೈಪ್‌ಎರರ್ ಬರ್ತೈತಿ. ಮೂರನೇದು ಡಿಕ್ಷನರಿ, ಅಟ್ರಿಬ್ಯೂಟ್ ಮೆಥಡ್ ಎಲ್ಲಾ ಅದರಾಗ. ಹುಟ್ಟಿದ ಕ್ಲಾಸನ್ನ ತಳಿ ಹೆಸರಿನ ಕೀ ಕೊಟ್ಟು ಇನ್ನೊಂದು ಡಿಕ್ಷನರಿಯೊಳಗ ಇಟ್ಕೊಳ್ರಿ. ಕೋಡನ್ನ ಸ್ಟ್ರಿಂಗ್ ಮಾಡಿ ಎಕ್ಸೆಕ್‌ಗೆ ಹಾಕೋದು ಮಾತ್ರ ಬ್ಯಾಡ, ಫೈಲಿನ್ಯಾಗ ಯಾರ ಏನ ಬರದ್ರೂ ಅದು ಓಡಿಬಿಡ್ತೈತಿ.

ನಾನು ಎರಡು ದಿನ ಒದ್ದಾಡಿದ್ದು ಲೂಪಿನ್ಯಾಗ. ಒಂದೊಂದು ತಳಿಗೂ ಲೂಪಿನೊಳಗ ಲ್ಯಾಂಬ್ಡಾ (ಹೆಸರಿಲ್ಲದ ಸಣ್ಣ ಫಂಕ್ಷನ್) ಬರದು ಮೆಥಡ್ ಮಾಡಿದ್ದೆ, ರನ್ ಮಾಡಿದ್ರ ಡಬ್ಬಿಗೂ ಕಡ್ಡಿಗೂ ಫೈಲಿನ ಕಡೀ ಸಾಲಿನ ತೂಕನ ಕಳೀತಿತ್ತು, ಯಾಕಂದ್ರ ಲ್ಯಾಂಬ್ಡಾ ಬೆಲೀನ ಹಿಡಕೊಳ್ಳೂದಿಲ್ಲ, ವೇರಿಯೇಬಲನ್ನ ಹಿಡಕೊಂತೈತಿ, ಕರೆಯೂ ಹೊತ್ತಿಗೆ ಲೂಪ್ ಮುಗದು ವೇರಿಯೇಬಲ್‌ನ್ಯಾಗ ಕಡೀದ ಉಳದಿರ್ತೈತಿ. ಡಿಫಾಲ್ಟ್ ಆರ್ಗ್ಯುಮೆಂಟ್ ಮಾಡಿ ಕೊಟ್ರ ಸರಿಹೋಗ್ತೈತಿ. ಆದ್ರ ನನಗ ಅದಕ್ಕಿಂತ ಛಲೋ ಅನಿಸಿದ್ದು ಬ್ಯಾರೆನ ಐತಿ: ಮೆಥಡನ್ನ ಬೇಸ್ ಕ್ಲಾಸಿನ್ಯಾಗ ಒಂದ ಸಲ ಬರದು ಸೆಲ್ಫ್ (ಆ ಆಬ್ಜೆಕ್ಟ್) ಕಡೆಯಿಂದ ತೂಕ ಓದ್ಸೋದು, ಡಿಕ್ಷನರಿಯೊಳಗ ಬರೇ ತೂಕದ ಅಂಕಿ ಇಡೋದು. ಬಗ್ ಹುಡುಕಾಕ ಭಾಳ ಹಗುರಾಗ್ತೈತಿ. ತಳಿಗಳ ನಡುವ ಅಂಕಿ ಅಷ್ಟ ಬ್ಯಾರೆ ಇದ್ದು ಲೆಕ್ಕದ ರೀತಿ ಎಲ್ಲಾದಕ್ಕೂ ಒಂದ ಆಗಿದ್ರ ಹೊಸಾ ಕ್ಲಾಸ ಬ್ಯಾಡ್ರಿ, ಒಂದ ಕ್ಲಾಸಿನ ಬ್ಯಾರೆ ಬ್ಯಾರೆ ಆಬ್ಜೆಕ್ಟ್ ಸಾಕು. ನಮ್ಮಲ್ಲಿ ಕೆಲವು ತಳಿಗೆ ಲೆಕ್ಕದ ರೀತೀನ ಬ್ಯಾರೆ, ಅದಕ್ಕ ಬ್ಯಾರೆ ಬೇಸ್ ಬೇಕಾತು.

ಪಿಕಲ್ ಮಾಡಿ, ಅಂದ್ರ ಆಬ್ಜೆಕ್ಟನ್ನ ಫೈಲಿಗೆ ಬರದು, ಉಳಸೋರು ಇದೊಂದು ನೋಡ್ಕೊಳ್ರಿ. ಪಿಕಲ್ ಕ್ಲಾಸನ್ನ ಉಳಸೂದಿಲ್ಲ, ಮಾಡ್ಯೂಲ್ ಹೆಸರು ಮತ್ತ ಕ್ಲಾಸ್ ಹೆಸರು ಅಷ್ಟ ಬರಕೊಂತೈತಿ, ಅದಕ್ಕ ಸೆಟ್‌ಆಟ್ರ್ (ಹೆಸರು ಕೊಟ್ಟು ಅಟ್ರಿಬ್ಯೂಟ್ ಇಡೋ ಫಂಕ್ಷನ್) ಹಚ್ಚಿ ಕ್ಲಾಸನ್ನ ಅದ ಹೆಸರಿಲೆ ಮಾಡ್ಯೂಲಿನ್ಯಾಗೂ ಇಡಬೇಕು. ಮರುದಿನ ಪ್ರೋಗ್ರಾಮ್ ಚಾಲೂ ಮಾಡಿದಾಗ ಮೊದಲ ತಳಿ ಫೈಲ್ ಓದಿ ಕ್ಲಾಸ್ ಎಲ್ಲಾ ಹುಟ್ಟಸ್ರಿ, ಆಮ್ಯಾಲ ಹಳೇ ಲೆಕ್ಕ ಲೋಡ್ ಮಾಡ್ರಿ.